‘ಪ್ರೇಕ್ಷಣೀಯ ಸ್ಥಳ’ವೆಂಬ ಪದದ ಬಡತನ: ಪುತ್ತೂರು, ಸುಳ್ಯ, ಕಡಬದ ಮಲೆಸೀಮೆ

ಹಿಮಾಲಯದ ಯಾವ ಗಿರಿಪಟ್ಟಣದ ಹೆಸರೆತ್ತಿದರೂ ಅದರ ಬೆನ್ನಿಗೇ ಒಂದು ಪಟ್ಟಿ ಬರುತ್ತದೆ. ಶಿಮ್ಲಾ ಎಂದರೆ ಮಾಲ್ ರಸ್ತೆ, ರಿಡ್ಜ್, ಜಾಖೂ ಗುಡ್ಡ, ಕುಫ್ರಿ. ಮಸ್ಸೂರಿ ಎಂದರೆ ಗನ್ ಹಿಲ್ ಮತ್ತು ಕೆಂಪ್ಟಿ ಜಲಪಾತ. ಡಾರ್ಜಿಲಿಂಗ್ ಎಂದರೆ ಟೈಗರ್ ಹಿಲ್ಲಿನ ಸೂರ್ಯೋದಯ. ಈ ಪಟ್ಟಿಗಳನ್ನು ರಚಿಸಿದವರು ಆ ಬೆಟ್ಟಗಳಲ್ಲಿ ಉತ್ತು ಬಿತ್ತಿದವರಲ್ಲ. ಬಯಲಿನ ಬೇಸಿಗೆಯನ್ನು ತಾಳಲಾರದ ಆಂಗ್ಲ ಅಧಿಕಾರಿಗಳು ಬೆಟ್ಟವನ್ನು ತಂಪುಗಾಳಿಯ ವಸತಿಯಾಗಿ ಕಂಡುಕೊಂಡರು. 1864ರಲ್ಲಿ ಶಿಮ್ಲಾವನ್ನು ಬೇಸಿಗೆಯ ರಾಜಧಾನಿಯೆಂದು ಘೋಷಿಸಿದರು. 1881ರಲ್ಲಿ ಡಾರ್ಜಿಲಿಂಗಿಗೂ 1903ರಲ್ಲಿ ಶಿಮ್ಲಾಕ್ಕೂ ಪುಟ್ಟ ರೈಲುಗಳನ್ನು ಹತ್ತಿಸಿದರು. ಸಂಜೆಯ ವಾಯುವಿಹಾರಕ್ಕೆ ಹೊರಟವರು ಎಲ್ಲಿ ನಿಂತರೆ ಕಣಿವೆ ಚೆನ್ನಾಗಿ ಕಾಣುತ್ತದೆಯೋ ಆ ಜಾಗಕ್ಕೆ ‘ಪಾಯಿಂಟ್’ ಎಂದು ಹೆಸರಿಟ್ಟರು. ಹೊರೆ ಹೊತ್ತ ಕೂಲಿ, ಮೆಟ್ಟಿಲುಗದ್ದೆಯ ರೈತ, ಕುರಿ ಕಾಯುವವನು ಇವರೆಲ್ಲ ಆ ನೋಟದ ಒಳಗೆ ಇದ್ದರು. ನೋಡುವವರ ಸಾಲಿನಲ್ಲಿ ಇರಲಿಲ್ಲ.

ಆಳಿದವರು ಹೋಗಿ ಮುಕ್ಕಾಲು ಶತಮಾನ ಕಳೆದಿದೆ. ಆದರೆ ಅವರು ಬಿಟ್ಟುಹೋದ ನೋಡುವ ಬಗೆ ಉಳಿದುಕೊಂಡಿದೆ, ಅಷ್ಟೇ ಅಲ್ಲ, ದಕ್ಷಿಣದ ತುದಿಯವರೆಗೂ ಹಬ್ಬಿದೆ. ಕೊಡಗನ್ನು ‘ಭಾರತದ ಸ್ಕಾಟ್ಲೆಂಡ್’ ಎಂದೂ ‘ಕರ್ನಾಟಕದ ಕಾಶ್ಮೀರ’ ಎಂದೂ, ಆಗುಂಬೆಯನ್ನು ‘ದಕ್ಷಿಣದ ಚಿರಾಪುಂಜಿ’ ಎಂದೂ ಕರೆಯುವುದು ಹೊಗಳಿಕೆಯೆಂದೇ ಎಲ್ಲರೂ ಭಾವಿಸಿದ್ದಾರೆ. ತನ್ನ ಹೆಸರಿನಲ್ಲಿ ನಿಲ್ಲಲಾರದ ಊರಿಗೆ ಮಾತ್ರ ಮತ್ತೊಂದು ಊರಿನ ಹೆಸರು ಬೇಕಾಗುತ್ತದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ.

ಪುತ್ತೂರು, ಸುಳ್ಯ ಮತ್ತು ಕಳೆದ ದಶಕದಲ್ಲಷ್ಟೇ ತಾಲ್ಲೂಕಾದ ಕಡಬ, ಈ ಮೂರು ತಾಲ್ಲೂಕುಗಳ ಮಲೆಸೀಮೆಗೂ ಈಗ ಇಂತಹುದೇ ಪಟ್ಟಿ ಸಿದ್ಧವಾಗಿದೆ. ಪುತ್ತೂರಿನ ಮಹಾಲಿಂಗೇಶ್ವರ ದೇವಾಲಯ, ಬೀರಮಲೆ ಗುಡ್ಡ, ಇರ್ದೆಯ ಬೆಂದ್ರ್ ತೀರ್ಥವೆಂಬ ಬಿಸಿನೀರಿನ ಬುಗ್ಗೆ, ತೊಡಿಕಾನದ ದೇವರಮೀನುಗಳು, ದೇವರಗುಂಡಿ ಜಲಪಾತ, ಕುಕ್ಕೆ ಸುಬ್ರಹ್ಮಣ್ಯ, ಕುಮಾರಪರ್ವತದ ಚಾರಣ, ಘಟ್ಟವೇರಿದರೆ ಬಿಸಿಲೆಯ ವೀಕ್ಷಣಾ ಸ್ಥಳ. ಈ ಪಟ್ಟಿಯಲ್ಲಿ ಸುಳ್ಳಿಲ್ಲ; ಹೇಳಿದ ಸ್ಥಳಗಳೆಲ್ಲ ಅಲ್ಲಲ್ಲಿ ಇವೆ, ಅಂದವಾಗಿಯೂ ಇವೆ. ಪಟ್ಟಿಯ ಮೇಲಿನ ಆಕ್ಷೇಪ ಬೇರೆಯದು. ಒಂದು ನಾಡನ್ನು ನಿಂತು ನೋಡಬಹುದಾದ ಏಳೆಂಟು ಬಿಂದುಗಳನ್ನಾಗಿ ಒಡೆದ ಮೇಲೆ ಆ ಬಿಂದುಗಳ ನಡುವೆ ಇರುವುದೆಲ್ಲವೂ ಬರಿಯ ದಾರಿಯಾಗಿಬಿಡುತ್ತದೆ. ಈ ಸೀಮೆಯ ಇತಿಹಾಸ, ಸಾಹಿತ್ಯ ಮತ್ತು ಜೀವನ ಇರುವುದು ಬಹುಪಾಲು ಆ ದಾರಿಯಲ್ಲಿ.

ಬಿಸಿಲೆಯ ದಾರಿಯನ್ನೇ ತೆಗೆದುಕೊಳ್ಳಬಹುದು. ಸುಬ್ರಹ್ಮಣ್ಯದಿಂದ ಬಿಸಿಲೆ ಘಟ್ಟಕ್ಕೆ ಹೊರಟ ವಾಹನಗಳು ಕುಲ್ಕುಂದವನ್ನು ಹಾದು ಹೋಗುತ್ತವೆ. 1924ರಲ್ಲಿ ಇಲ್ಲಿ ಹುಟ್ಟಿದ ಶಿವರಾಯರು ಮುಂದೆ ‘ನಿರಂಜನ’ರಾದರು, ಕಯ್ಯೂರಿನ ರೈತ ಹೋರಾಟವನ್ನು ‘ಚಿರಸ್ಮರಣೆ’ಯಾಗಿಸಿದರು, ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳನ್ನೂ ‘ವಿಶ್ವಕಥಾಕೋಶ’ದ ಇಪ್ಪತ್ತೈದು ಸಂಪುಟಗಳನ್ನೂ ಕನ್ನಡಕ್ಕೆ ಕೊಟ್ಟರು. ಕುಲ್ಕುಂದದ ಜಾನುವಾರು ಜಾತ್ರೆ ಒಂದು ಕಾಲಕ್ಕೆ ಘಟ್ಟದ ಮೇಲಿನ ಎತ್ತುಗಳನ್ನೂ ಘಟ್ಟದ ಕೆಳಗಿನ ಗದ್ದೆಗಳನ್ನೂ ಕೂಡಿಸುತ್ತಿದ್ದ ದೊಡ್ಡ ಸಂಧಿಸ್ಥಾನ. ಪ್ರವಾಸಿಗನ ಪಟ್ಟಿಯಲ್ಲಿ ಕುಲ್ಕುಂದ ಒಂದು ತಿರುವು ಮಾತ್ರ. ಪ್ರವಾಸಿಗನನ್ನು ಕ್ಷಮಿಸಬಹುದು. ನಿರಂಜನರ ಕಾದಂಬರಿಗಳ ಮೇಲೆ ಅಧ್ಯಯನ ಮಾಡುವ ವಿದ್ಯಾರ್ಥಿಯೂ ಕುಕ್ಕೆಗೆ ಹೋಗಿ, ಬಿಸಿಲೆಯಲ್ಲಿ ಚಿತ್ರ ತೆಗೆಸಿಕೊಂಡು, ಕುಲ್ಕುಂದದಲ್ಲಿ ಇಳಿಯದೆ ಬರುವುದನ್ನು ಹೇಗೆ ಕ್ಷಮಿಸುವುದು?

ಇಲ್ಲಿಗೆ ಈ ವಾದದ ನಿಜವಾದ ಗುರಿ ಸ್ಪಷ್ಟವಾಗಬೇಕು. ಪ್ರವಾಸೋದ್ಯಮದ ಜಾಹೀರಾತುಗಳನ್ನು ಬೈಯುವುದು ಸುಲಭ. ಅವು ತಮ್ಮ ಕೆಲಸವನ್ನು ಮಾಡುತ್ತಿವೆ. ಪ್ರಶ್ನೆ ಇರುವುದು ಕನ್ನಡದ ಅಧ್ಯಯನಲೋಕ ತನ್ನ ಕೆಲಸವನ್ನು ಮಾಡುತ್ತಿದೆಯೇ ಎಂಬುದರಲ್ಲಿ. ‘ನಿಸರ್ಗ ಸೌಂದರ್ಯ’, ‘ಮಲೆನಾಡಿನ ರಮ್ಯತೆ’, ‘ಪ್ರಕೃತಿ ವರ್ಣನೆ’ ಎಂಬ ಶೀರ್ಷಿಕೆಗಳಡಿ ಬರುವ ಪ್ರಬಂಧಗಳು ಕಾದಂಬರಿಯೊಳಗಿನ ಬೆಟ್ಟವನ್ನು ಓದುವ ರೀತಿಯೂ ಪಾಯಿಂಟುಗಳ ರೀತಿಯೇ ಆಗಿದೆ. ಕೃತಿಯಿಂದ ನಾಲ್ಕು ವರ್ಣನೆಗಳನ್ನು ಆಯ್ದು, ಇಲ್ಲಿ ಸೂರ್ಯೋದಯ, ಇಲ್ಲಿ ಹೊಳೆ, ಇಲ್ಲಿ ಮಳೆ ಎಂದು ಗುರುತು ಹಾಕಿ, ಲೇಖಕನ ನಿಸರ್ಗಪ್ರೇಮ ಅನನ್ಯವೆಂದು ಮುಗಿಸುವುದು. ಇದು ಸಾಹಿತ್ಯದೊಳಗೆ ನಡೆಸುವ ವಿಹಾರವೇ ಹೊರತು ವಿಮರ್ಶೆಯಲ್ಲ.

ಇದಕ್ಕೆ ಮೊದಲ ಬಲಿ ಶಿವರಾಮ ಕಾರಂತರ ‘ಬೆಟ್ಟದ ಜೀವ’. 1943ರ ಈ ಕಾದಂಬರಿ ಕುಮಾರಪರ್ವತದ ತಪ್ಪಲಿನದು. ದಾರಿತಪ್ಪಿದ ಪ್ರಯಾಣಿಕನೊಬ್ಬ ಕಾಡಿನ ನಡುವೆ ಗೋಪಾಲಯ್ಯ ಮತ್ತು ಶಂಕರಮ್ಮ ದಂಪತಿಗಳ ಮನೆ ಸೇರುತ್ತಾನೆ. ಆ ಮನೆಯಲ್ಲಿ ಅವನಿಗೆ ಸಿಗುವುದು ನೋಟವಲ್ಲ. ಊಟ, ಮಾತು, ಮತ್ತು ಕಾಡನ್ನು ಕಡಿದು ತೋಟ ಮಾಡಿದ ಬದುಕಿನ ಲೆಕ್ಕಾಚಾರ. ಹುಲಿ ದನವನ್ನು ಹಿಡಿಯುತ್ತದೆ, ಆನೆ ತೋಟಕ್ಕೆ ಇಳಿಯುತ್ತದೆ, ಮನೆಬಿಟ್ಟು ಹೋದ ಮಗ ಮರಳುವುದಿಲ್ಲ. ಬೆಟ್ಟ ಅಲ್ಲಿ ಒಂದು ಪಕ್ಷ. ಮುದುಕನೊಡನೆ ಆಯುಷ್ಯವಿಡೀ ಸೆಣಸಿದ, ಆದರೂ ಅವನು ಬಿಟ್ಟು ಹೋಗಲಾರದ ಎದುರಾಳಿ. ಅತಿಥಿ ಎಂಬ ಸ್ಥಾನಕ್ಕೂ ಪ್ರೇಕ್ಷಕ ಎಂಬ ಸ್ಥಾನಕ್ಕೂ ಇರುವ ಅಂತರವನ್ನು ಕಾದಂಬರಿಯ ನಿರೂಪಕ ಕೆಲವೇ ದಿನಗಳಲ್ಲಿ ದಾಟುತ್ತಾನೆ, ಏಕೆಂದರೆ ಮನೆಯವರ ದುಃಖದ ಭಾರದಲ್ಲಿ ಒಂದು ಪಾಲು ಅವನ ಹೆಗಲಿಗೂ ಬರುತ್ತದೆ. ಇದನ್ನು ‘ಪಶ್ಚಿಮಘಟ್ಟದ ಸೌಂದರ್ಯದ ಕಾದಂಬರಿ’ ಎಂದು ಕರೆಯುವುದು ಕೃತಿಯ ಅರ್ಧವನ್ನು ಮರೆತ ಮಾತು. ಪಿ. ಶೇಷಾದ್ರಿಯವರ ನಿರ್ದೇಶನದಲ್ಲಿ ಅದು ಚಲನಚಿತ್ರವಾಗಿ ಪರಿಸರ ಸಂರಕ್ಷಣೆಯ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಪಡೆಯಿತು. ಗೌರವ ಸಲ್ಲಬೇಕಾದದ್ದೇ. ಆದರೆ ಕಾದಂಬರಿಯೊಳಗಿನ ತೊಡಕು ಕೂಡ ಓದುಗನ ಮುಂದಿರಬೇಕು: ಗೋಪಾಲಯ್ಯನ ಪ್ರೀತಿಯ ಬೆಟ್ಟದಲ್ಲಿ ಕೊಡಲಿಯೂ ಇದೆ. ಬೆಟ್ಟವನ್ನು ಪ್ರೀತಿಸುವವನೇ ಬೆಟ್ಟವನ್ನು ತಿದ್ದುತ್ತಾನೆ. ಈ ವೈರುಧ್ಯವನ್ನು ‘ನಿಸರ್ಗಪ್ರೇಮ’ವೆಂಬ ಒಂದೇ ಪದ ನುಂಗಿಬಿಡುತ್ತದೆ.

ಇನ್ನೊಂದು ಉದಾಹರಣೆ ‘ಚೋಮನ ದುಡಿ’. 1933ರ ಈ ಕಾದಂಬರಿಯನ್ನು ಯಾರೂ ಬೆಟ್ಟದ ಕಾದಂಬರಿಯೆಂದು ಓದುವುದಿಲ್ಲ. ಆದರೆ ಚೋಮನ ಸಂಸಾರದ ಮೇಲೆ ಘಟ್ಟದ ನೆರಳು ಮೊದಲಿನಿಂದಲೂ ಬಿದ್ದಿದೆ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿತೋಟಕ್ಕೆ ಹೋಗುತ್ತಾರೆ. ಒಬ್ಬ ಮರಳಿ ತಂದೆಯ ಬಳಿ ನಿಲ್ಲುವುದಿಲ್ಲ; ಇನ್ನೊಬ್ಬ ಜ್ವರ ಹೊತ್ತು ಬಂದು ಸಾಯುತ್ತಾನೆ. ಅದೇ ಸಾಲಕ್ಕಾಗಿ ಮಗಳು ಬೆಳ್ಳಿಯೂ ಅಲ್ಲಿಗೆ ಹೋಗಿ ತೋಟದವರ ಕೈಗೆ ಸಿಕ್ಕುತ್ತಾಳೆ. ಆಂಗ್ಲರಿಗೆ ಬೆಟ್ಟ ಆರೋಗ್ಯಧಾಮವಾಗಿದ್ದ ಅದೇ ಕಾಲದಲ್ಲಿ ಘಟ್ಟದ ಕೆಳಗಿನ ದಲಿತ ಸಂಸಾರಕ್ಕೆ ಬೆಟ್ಟವೆಂದರೆ ಸಾಲ ಮತ್ತು ಚಳಿಜ್ವರ. ಒಂದೇ ಬೆಟ್ಟ ಯಾರಿಗೆ ಏನಾಗಿ ಕಾಣುತ್ತದೆ ಎಂಬುದು ನಿಂತ ಜಾಗವನ್ನಷ್ಟೇ ಅಲ್ಲ, ನಿಂತವನ ಜಾತಿ, ಭೂಮಿ, ಋಣಗಳನ್ನೂ ಅವಲಂಬಿಸಿರುತ್ತದೆ. ವೀಕ್ಷಣಾ ಸ್ಥಳದ ಕಟ್ಟೆಯ ಮೇಲೆ ನಿಂತವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಕಾರಂತರಿಗೆ ಅಂಟಿಕೊಂಡ ಬಿರುದು ‘ಕಡಲತೀರದ ಭಾರ್ಗವ’. ಕೋಟದಲ್ಲಿ ಹುಟ್ಟಿ, ಕೊನೆಗಾಲದಲ್ಲಿ ಸಾಲಿಗ್ರಾಮಕ್ಕೆ ಮರಳಿದವರಿಗೆ ಅದು ಒಪ್ಪುವ ಬಿರುದೇ. ಆದರೆ ಅವರ ಕರ್ತೃತ್ವದ ದಶಕಗಳು ಕಳೆದದ್ದು ಕಡಲಿನಿಂದ ಸುಮಾರು ಐವತ್ತು ಕಿಲೋಮೀಟರ್ ಒಳಗಿರುವ ಪುತ್ತೂರಿನಲ್ಲಿ, ಪರ್ಲಡ್ಕದ ಬಾಲವನದಲ್ಲಿ. ‘ಚೋಮನ ದುಡಿ’, ‘ಬೆಟ್ಟದ ಜೀವ’, ಮಲೆಕುಡಿಯರ ಬದುಕಿನ ‘ಕುಡಿಯರ ಕೂಸು’ ಇವುಗಳ ನೆಲ ಮರಳಲ್ಲ, ಘಟ್ಟದ ಬುಡದ ಮಣ್ಣು. ಬಿರುದು ಒಂದು ಕಡಲನ್ನು ತೋರಿಸಿ ಒಂದು ಮಲೆಯನ್ನು ಮರೆಮಾಡಿದೆ. ಕನ್ನಡ ವಿಮರ್ಶೆಯ ಭೂಗೋಳದಲ್ಲಿ ‘ಮಲೆನಾಡು’ ಎಂದರೆ ಘಟ್ಟದ ಮೇಲಿನದು, ಕುವೆಂಪು ಮತ್ತು ತೇಜಸ್ವಿಯವರದು. ‘ಕರಾವಳಿ’ ಎಂದರೆ ಅಲೆಯ ಸದ್ದು ಕೇಳುವ ಊರುಗಳದು. ಘಟ್ಟದ ಕೆಳಗಿದ್ದೂ ಕಡಲು ಕಾಣದ ಪುತ್ತೂರು, ಸುಳ್ಯ, ಕಡಬಗಳು ಈ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಸಿಕ್ಕಿಕೊಂಡಿವೆ. ವಿಮರ್ಶೆ ಹೆಸರಿಡದೆ ಬಿಟ್ಟ ಜಾಗಕ್ಕೆ ಪ್ರವಾಸದ ಪಟ್ಟಿ ಬಂದು ತನ್ನ ಹೆಸರಿಟ್ಟಿತು. ತಪ್ಪು ಯಾರದೆಂದು ಕೇಳಿದರೆ ಮೊದಲ ಬೆರಳು ವಿಮರ್ಶೆಯ ಕಡೆಗೇ ತಿರುಗಬೇಕು.

ಇತಿಹಾಸದ ವಿಷಯದಲ್ಲಿ ಈ ಮರೆವು ಇನ್ನೂ ಆಳವಾದದ್ದು. ಅಮರ ಸುಳ್ಯ ಮತ್ತು ಪುತ್ತೂರಿನ ಕಡೆಯ ಮಾಗಣೆಗಳು ಕೊಡಗಿನ ಅರಸರ ಆಳ್ವಿಕೆಗೆ ಸೇರಿದ್ದವು. 1834ರಲ್ಲಿ ಕೊಡಗು ಕಂಪೆನಿಯ ವಶವಾದಾಗ ಈ ಭಾಗವನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂಬ ಹೊಸ ಕಟ್ಟಳೆ ಒಕ್ಕಲನ್ನು ಹಿಂಡಿತು. 1837ರಲ್ಲಿ ಸುಳ್ಯದ ಕಾಡುಗಳಲ್ಲಿ ಕೂಡಿದ ಜನ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ನೇತೃತ್ವದಲ್ಲಿ ಎದ್ದರು, ಬೆಳ್ಳಾರೆಯ ಖಜಾನೆಯನ್ನು ಹಿಡಿದರು, ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರನ್ನೇ ವಶಪಡಿಸಿಕೊಂಡು 13 ದಿನ ಆಳಿದರು. ಅಡಗಿಸಿದ ಮೇಲೆ ಶಿಕ್ಷೆ ಕ್ರೂರವಾಗಿತ್ತು. ಕಲ್ಯಾಣಸ್ವಾಮಿಯೆಂದು ಜನ ನಂಬಿದ್ದ ಪುಟ್ಟಬಸಪ್ಪನೊಡನೆ ನಂದಾವರದ ಜೈನ ಅರಸು ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಗೌಡ ಒಕ್ಕಲಿಗ, ಲಿಂಗಾಯತ, ಜೈನ ಅರಸು, ಬಂಟ, ಬ್ರಾಹ್ಮಣ ಎಂಬ ಭೇದಗಳ ಮೇಲೆ ಬೆಟ್ಟ ಹಾಸಿದ ಒಂದು ಸಂಧಾನ ಅದು. ಅದನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಕರೆದು ಬಹುಕಾಲ ದರೋಡೆಯ ಸಾಲಿಗೆ ಸೇರಿಸಲಾಗಿತ್ತು. ಆ ಬಂಡಾಯದ ಕಥೆಯನ್ನು ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿಯಾಗಿ ಬರೆದವರು ಮತ್ತಾರೂ ಅಲ್ಲ, ಕುಲ್ಕುಂದದ ನಿರಂಜನರೇ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಪ್ರತಿಮೆ ನಗರದಲ್ಲಿದೆ, ಪ್ರತಿಮೆಗೆ ಕಾರಣವಾದ ಬೆಟ್ಟದ ದಾರಿಗಳು ಯಾವ ಪಟ್ಟಿಯಲ್ಲಿಯೂ ಇಲ್ಲ. ಬೆಳ್ಳಾರೆ ‘ನೋಡುವ ಜಾಗ’ವಲ್ಲ.

ಬೆಳ್ಳಾರೆಯಿಂದ ಸ್ವಲ್ಪ ಮುಂದೆ ಪಂಜ, ಎಣ್ಮೂರುಗಳ ಸೀಮೆ. ಕೋಟಿ ಚೆನ್ನಯರ ಪಾಡ್ದನದ ಭೂಗೋಳ ಪೂರ್ತಿಯಾಗಿ ಇದೇ ಮೂರು ತಾಲ್ಲೂಕುಗಳದು: ಹುಟ್ಟು ಪಡುಮಲೆಯಲ್ಲಿ, ಆಶ್ರಯದ ಆಸೆ ಪಂಜದಲ್ಲಿ, ಅಂತ್ಯ ಎಣ್ಮೂರಿನಲ್ಲಿ. ಪಂಜೆ ಮಂಗೇಶರಾಯರು ಅದನ್ನು ಕನ್ನಡ ಗದ್ಯಕ್ಕೆ ತರುವ ಮೊದಲೇ ಬಾಸೆಲ್ ಮಿಷನ್ನಿನವರೂ ಬರ್ನೆಲ್ಲನೂ ಆ ಪಾಡ್ದನಗಳನ್ನು ಬರೆಹಕ್ಕೆ ಇಳಿಸಿದ್ದರು. ಇದರಲ್ಲಿ ಬರುವ ಬಲ್ಲಾಳರು ಪರಂಪರೆಯಲ್ಲಿ ಜೈನ ಮನೆತನದವರೆಂದು ಗುರುತಿಸಲ್ಪಡುವ ಸಣ್ಣ ಅರಸರು. ಪಾಡ್ದನ ಅವರನ್ನು ಕೇವಲ ಖಳರನ್ನಾಗಿಯೋ ಕೇವಲ ಧರ್ಮಿಷ್ಠರನ್ನಾಗಿಯೋ ಚಿತ್ರಿಸುವುದಿಲ್ಲ. ಪಡುಮಲೆಯಲ್ಲಿ ಕೊಟ್ಟ ಮಾತಿಗೆ ತಪ್ಪುವ ಬಲ್ಲಾಳನಿದ್ದಾನೆ, ಎಣ್ಮೂರಿನಲ್ಲಿ ಆಶ್ರಯವಿತ್ತ ಬಲ್ಲಾಳನೂ ಇದ್ದಾನೆ. ದೇಯಿ ಬೈದೆದಿಯ ಕೈಮದ್ದಿನಿಂದ ಅರಸನ ಕಾಲಿನ ಗಾಯ ಮಾಯುತ್ತದೆ, ಆದರೆ ಅವಳ ಮಕ್ಕಳಿಗೆ ಭೂಮಿಯ ಹಕ್ಕು ಸಿಗುವುದಿಲ್ಲ. ಅರಮನೆಯ ಬೀಡು, ಬಿಲ್ಲವರ ಗರಡಿ, ಗದ್ದೆಯ ನೀರು, ಕಾಡಿನ ಮದ್ದು ಇವುಗಳ ನಡುವಿನ ಅಧಿಕಾರದ ಲೆಕ್ಕವೇ ಈ ಪಾಡ್ದನ. ಬಲ್ಲಾಳರ ಆಳ್ವಿಕೆಯನ್ನು ಶಾಸನಗಳಲ್ಲಿ ಮಾತ್ರ ಹುಡುಕುವ ಇತಿಹಾಸಕಾರನಿಗೂ, ಜಾನಪದವನ್ನು ಭಾವುಕತೆಯಲ್ಲಿ ಮಾತ್ರ ಓದುವ ಸಾಹಿತ್ಯದ ವಿದ್ಯಾರ್ಥಿಗೂ ಈ ಭೂಗೋಳ ಒಟ್ಟಾಗಿ ಪಾಠ ಹೇಳಬಲ್ಲುದು. ಅದಕ್ಕೆ ಪಡುಮಲೆಯಿಂದ ಎಣ್ಮೂರಿನವರೆಗೆ ನಡೆಯಬೇಕು. ನಡೆದರೆ, ಒಂದು ಬೀಡಿನ ಗಡಿಯಿಂದ ಇನ್ನೊಂದರ ಗಡಿಗೆ ಓಡಿಹೋಗುವುದು ಎಷ್ಟು ದೂರದ ಮಾತು, ಅಷ್ಟು ಚಿಕ್ಕ ಅರಸುತನಗಳಲ್ಲಿ ಅವಮಾನ ಎಷ್ಟು ಹತ್ತಿರದ ಮಾತು ಎಂಬುದು ತಿಳಿಯುತ್ತದೆ.

ಸ್ಥಳನಾಮಗಳೂ ಇದೇ ಮಾತನ್ನು ಹೇಳುತ್ತವೆ. ಪರ್ಲಡ್ಕ, ಮೊಟ್ಟೆತ್ತಡ್ಕ, ಪಲ್ಲತ್ತಡ್ಕಗಳಲ್ಲಿರುವ ‘ಅಡ್ಕ’ ಮರವಿಲ್ಲದ ಮುರಕಲ್ಲಿನ ಬಯಲು. ‘ಪದವು’ ಎತ್ತರದ ಹರವು. ‘ಬೆಟ್ಟು, ಮಜಲು, ಬೈಲು’ ಎಂಬುದು ನೀರಿನ ಲಭ್ಯತೆಯ ಮೇಲೆ ಗದ್ದೆಗಳನ್ನು ಮೂರು ದರ್ಜೆಗಳಲ್ಲಿ ಅಳೆದ ಕ್ರಮ. ‘ಕುಮ್ಕಿ’ ಎಂಬುದು ಸಾಗುವಳಿಯ ಅಂಚಿನಿಂದ ನೂರು ಗಜದೊಳಗಿನ ಸೊಪ್ಪು ಸೌದೆಯ ಹಕ್ಕು. ಕುಮಾರಪರ್ವತದ ಚಾರಣಿಗರು ದಣಿವಾರಿಸಿಕೊಳ್ಳುವ ಗಿರಿಗದ್ದೆಯ ಹೆಸರಿನಲ್ಲಿಯೇ ಗಿರಿಯ ಜೊತೆಗೆ ಗದ್ದೆಯೂ ಇದೆ. ತುಳು, ಅರೆಭಾಷೆ, ಹವ್ಯಕ ಕನ್ನಡ, ಮಲಯಾಳ, ಬ್ಯಾರಿ, ಮರಾಟಿ ಮಾತುಗಳು ಸೇರಿ ಈ ನೆಲವನ್ನು ಅಳೆದು ಹೆಸರಿಟ್ಟಿವೆ. ಇಷ್ಟು ಸೂಕ್ಷ್ಮವಾಗಿ ನೆಲವನ್ನು ಗುರುತಿಸಬಲ್ಲ ಜನರ ನಾಡಿನಲ್ಲಿ ಈಗ ಫಲಕ ಹಾಕಿರುವುದು ‘ವ್ಯೂ ಪಾಯಿಂಟ್’ ಎಂದು. ದಾರಿದ್ರ್ಯ ಭಾಷೆಯದಲ್ಲ, ಭಾಷೆಯಿದ್ದೂ ಅದನ್ನು ಕೇಳದವರದು.

ನೋಟದ ಪಟ್ಟಿ ಕಾಣದೆ ಬಿಟ್ಟದ್ದು ಹಳೆಯ ಕಾಲವನ್ನು ಮಾತ್ರವಲ್ಲ, ಇಂದಿನ ಸಂಕಟವನ್ನೂ. ಘಟ್ಟದ ರೈಲಿಗೆ ಗಾಜಿನ ಮಾಡಿನ ಬೋಗಿಯನ್ನು 2021ರಲ್ಲಿ ಜೋಡಿಸಲಾಯಿತು. ಸಕಲೇಶಪುರದಿಂದ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಗಾಜಿನಾಚೆ ಎಲ್ಲವೂ ಹಸಿರು. ಆದರೆ ಸಂಪಾಜೆ, ಅರಂತೋಡು, ತೊಡಿಕಾನದ ಕಡೆಯ ಅಡಿಕೆ ತೋಟಗಳಲ್ಲಿ ದಶಕಗಳಿಂದ ಹರಡುತ್ತಿರುವುದು ಹಳದಿ, ಹಳದಿ ಎಲೆರೋಗ. ಗೋಪಾಲಯ್ಯನಂತಹವರು ಕಾಡು ಕಡಿದು ಬೆಳೆಸಿದ ತೋಟಗಳನ್ನು ಅವರ ಮೊಮ್ಮಕ್ಕಳು ಕಡಿದು ರಬ್ಬರಿಗೆ, ಕಾಳುಮೆಣಸಿಗೆ, ಇಲ್ಲವೆ ನಗರಕ್ಕೆ ಹೊರಳುತ್ತಿದ್ದಾರೆ. 2022ರ ಜೂನ್ ಕೊನೆಯಲ್ಲಿ ಇದೇ ಕೊಡಗು ಗಡಿಯ ಹಳ್ಳಿಗಳಲ್ಲಿ ನೆಲ ಸಣ್ಣಗೆ ನಡುಗಿತು. ಅದೇ ವರ್ಷದ ಆಗಸ್ಟ್ 1ರ ರಾತ್ರಿ ಸುಬ್ರಹ್ಮಣ್ಯದ ಪರ್ವತಮುಖಿಯಲ್ಲಿ ಗುಡ್ಡ ಮನೆಯ ಮೇಲೆ ಕುಸಿದು ಇಬ್ಬರು ಬಾಲಕಿಯರು ಮಣ್ಣಿನಡಿಯಾದರು. 2023ರ ಫೆಬ್ರವರಿಯಲ್ಲಿ ಕಡಬ ತಾಲ್ಲೂಕಿನ ರೆಂಜಿಲಾಡಿಯಲ್ಲಿ ಬೆಳಗ್ಗೆ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟ ಯುವತಿಯನ್ನೂ ಅವಳನ್ನು ಉಳಿಸಲು ಓಡಿಬಂದ ನೆರೆಯವನನ್ನೂ ಆನೆ ಕೊಂದಿತು. ಪರ್ವತಮುಖಿ ಎಂಬ ಹೆಸರನ್ನು ಕೇಳಿ ಪುಳಕಿತನಾಗುವ ಪ್ರವಾಸಿಗೆ ಪರ್ವತ ಮುಖ ತಿರುಗಿಸಿದ ಆ ರಾತ್ರಿ ಗೊತ್ತಿರಬೇಕಾಗಿಲ್ಲ. ಆದರೆ ಈ ಸೀಮೆಯ ಸಾಹಿತ್ಯವನ್ನು ಓದುವವನಿಗೆ ಗೊತ್ತಿರಬೇಕು. ‘ಬೆಟ್ಟದ ಜೀವ’ದ ಆನೆ ಹಳೆಯ ಕಾಲದ ಅಲಂಕಾರವಲ್ಲವೆಂಬುದಕ್ಕೆ ರೆಂಜಿಲಾಡಿ ಸಾಕ್ಷಿ.

ನೋಡುವವರ ಸಂಖ್ಯೆಯೇ ಬೆಟ್ಟದ ಮೇಲೆ ಭಾರವಾದದ್ದನ್ನೂ ಮರೆಯುವಂತಿಲ್ಲ. 1712 ಮೀಟರ್ ಎತ್ತರದ ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮದೊಳಗಿದೆ. 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಪುಷ್ಪಗಿರಿಯೂ ಒಂದು. 2024ರ ಜನವರಿಯ ಕೊನೆಯಲ್ಲಿ ಒಂದು ರಜೆಯ ದಿನ ಆ ಕಾಲುದಾರಿಯಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಆ ಮೇಲೆ ಸರ್ಕಾರ ಚಾರಣಕ್ಕೆ ತಡೆಯೊಡ್ಡಿ, ಮುಂಗಡ ನೋಂದಣಿಯ ಕ್ರಮವನ್ನು ತಂದಿತು. ಹಿಮಾಲಯದಲ್ಲಿ ಈ ಪಾಠ ಇನ್ನೂ ದುಬಾರಿಯಾಗಿ ಬಂತು. 2023ರ ಜನವರಿಯಲ್ಲಿ ಜೋಶಿಮಠದ ನೂರಾರು ಮನೆಗಳು ಬಿರುಕುಬಿಟ್ಟು ಪಟ್ಟಣವೇ ಕುಸಿಯತೊಡಗಿತು. ಎಲ್ಲಕ್ಕೂ ಪ್ರವಾಸವೊಂದೇ ಕಾರಣವೆನ್ನುವುದು ಅನ್ಯಾಯ. ಆದರೆ ಯಾತ್ರೆಯ ಹೆಸರಿನಲ್ಲಿ ಹಿಗ್ಗಿಸಿದ ರಸ್ತೆ, ಏರಿಸಿದ ವಸತಿಗೃಹ, ಅಗೆದ ಸುರಂಗಗಳನ್ನು ಹೊರುವ ಶಕ್ತಿ ಆ ಸಡಿಲ ಗುಡ್ಡಕ್ಕೆ ಇದೆಯೇ ಎಂದು ಕೇಳುವವರ ದನಿ ಅಲ್ಲಿ ಸೋತಿತ್ತು.

ಇಲ್ಲಿ ಆಕ್ಷೇಪಗಳು ಏಳುವುದು ಸಹಜ. ಮೊದಲನೆಯದು ಹೊಟ್ಟೆಪಾಡಿನದು. ಅಡಿಕೆ ಕೈಕೊಟ್ಟ ಮೇಲೆ ಹೋಟೆಲು, ಜೀಪು, ಹೋಮ್‌ಸ್ಟೇಗಳೇ ಎಷ್ಟೋ ಮನೆಗಳ ಒಲೆ ಉರಿಸುತ್ತಿವೆ. ಪಂಡಿತರ ಬೇಸರಕ್ಕಾಗಿ ಅವುಗಳನ್ನು ಮುಚ್ಚಬೇಕೇ? ಈ ಆಕ್ಷೇಪ ಗಂಭೀರವಾದದ್ದು, ಮತ್ತು ಉತ್ತರ ನೇರವಾದದ್ದು: ಯಾವುದನ್ನೂ ಮುಚ್ಚಬೇಕಾಗಿಲ್ಲ. ಬರುವವನಿಗೆ ಏನನ್ನು ತೋರಿಸಬೇಕು ಎಂಬುದನ್ನು ಊರಿನವರೇ ನಿರ್ಧರಿಸುವಂತಾಗಬೇಕು. ಬೆಟ್ಟವನ್ನು ಬರಿಯ ನೋಟವಾಗಿ ಮಾರಿದರೆ ಲಾಭ ಸೇರುವುದು ನೋಟ ಚೆನ್ನಾಗಿರುವ ಜಾಗವನ್ನು ಕೊಂಡವನಿಗೆ. ಬೆಟ್ಟದ ಕಥೆಯನ್ನು, ದಾರಿಯನ್ನು, ಊಟವನ್ನು, ಕೈಕೆಲಸವನ್ನು ತೋರಿಸಿದರೆ ಅದರಲ್ಲಿ ಊರಿನ ಹಲವರಿಗೆ ಪಾಲು ಸಿಗುತ್ತದೆ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಆರಂಭವಾದ ಅದರ ಚಾಕೊಲೇಟ್ ಕಾರ್ಖಾನೆ, ಮೊಳಹಳ್ಳಿ ಶಿವರಾಯರು ಬೆಳೆಸಿದ ಸಹಕಾರ ಚಳವಳಿ ಇವು ಈ ಸೀಮೆಯ ಜನ ಬೆಲೆಯನ್ನು ಹೊರಗಿನವರು ನಿಗದಿಮಾಡಲು ಬಿಡದೆ ತಾವೇ ಕೂಡಿ ನಿಗದಿಮಾಡಿದ ಕಥೆಗಳು. ಅಡಿಕೆಯ ವಿಷಯದಲ್ಲಿ ಸಾಧ್ಯವಾದದ್ದು ಬೆಟ್ಟದ ವಿಷಯದಲ್ಲಿ ಏಕೆ ಅಸಾಧ್ಯ?

ಎರಡನೆಯ ಆಕ್ಷೇಪ: ಕಣ್ಣಿಗೆ ಚೆಂದ ಕಂಡದ್ದನ್ನು ನೋಡಿ ನಲಿಯುವುದು ಅಪರಾಧವೇ? ಕಾರಂತರೂ ಊರೂರು ಸುತ್ತಿದವರಲ್ಲವೇ, ಪ್ರವಾಸಕಥನ ಬರೆದವರಲ್ಲವೇ? ಹೌದು. ಆದರೆ ಅವರು ಹೋದಲ್ಲೆಲ್ಲ ಕಲ್ಲನ್ನು, ಕಲೆಯನ್ನು, ಜನರ ಸ್ವಭಾವವನ್ನು ಕೆದಕಿ ಕೇಳಿದವರು. ನೋಡಿ ಬಂದದ್ದಕ್ಕಿಂತ ಅರಿತು ಬಂದದ್ದನ್ನು ಬರೆದವರು. ಸೌಂದರ್ಯಾನುಭವವನ್ನು ಯಾರೂ ನಿಷೇಧಿಸುತ್ತಿಲ್ಲ. ಚಂಪಾಷಷ್ಠಿಯಂದು ಕುಕ್ಕೆಯ ಬ್ರಹ್ಮರಥ ಚಲಿಸುವುದನ್ನು ಸಾವಿರಾರು ಜನ ಕಣ್ತುಂಬ ನೋಡುತ್ತಾರೆ. ಆ ರಥವನ್ನು ಕಾಡಿನ ಬೆತ್ತದಿಂದ ಕಟ್ಟಿ ನಿಲ್ಲಿಸುವವರು ಮಲೆಕುಡಿಯರು ಎಂಬುದು ತಿಳಿದರೆ ನೋಟದ ಆನಂದ ಕುಗ್ಗುವುದಿಲ್ಲ, ಹೆಚ್ಚುತ್ತದೆ. ಜೊತೆಗೆ ಒಂದು ಪ್ರಶ್ನೆಯೂ ಏಳುತ್ತದೆ: ರಾಜ್ಯದ ಮುಜರಾಯಿ ದೇಗುಲಗಳಲ್ಲಿ ಆದಾಯದಲ್ಲಿ ಮೊದಲ ಸ್ಥಾನದಲ್ಲಿರುವ ಕ್ಷೇತ್ರದ ರಥವನ್ನು ಕಟ್ಟುವ ಕೈಗಳಿಗೆ ಆ ಕಾಡಿನ ಮೇಲೆ ಇಂದು ಯಾವ ಹಕ್ಕು ಉಳಿದಿದೆ? ಅರಿವು ಆನಂದವನ್ನು ಹೆಚ್ಚಿಸುತ್ತದೆ, ಹೊಣೆಯನ್ನೂ ಹೊರಿಸುತ್ತದೆ. ಪಟ್ಟಿಗೆ ಬೇಡವಾದದ್ದು ಈ ಎರಡನೆಯದು.

ಮೂರನೆಯ ಆಕ್ಷೇಪ ಅಧ್ಯಯನಲೋಕದ ಒಳಗಿನದು: ಕೃತಿಯನ್ನು ಕೃತಿಯಾಗಿ ಓದಬೇಕು, ಊರನ್ನು ಹುಡುಕಿಕೊಂಡು ಹೋಗುವುದು ಸಾಹಿತ್ಯವಿಮರ್ಶೆಯಲ್ಲ. ಕಾದಂಬರಿಯ ಮನೆ ಇದೇ ಎಂದು ಬೊಟ್ಟುಮಾಡಿ ತೋರಿಸುವ ಹುಚ್ಚಿನ ವಿರುದ್ಧ ಈ ಎಚ್ಚರಿಕೆ ಸರಿಯೇ. ಗೋಪಾಲಯ್ಯನ ಮನೆಯೆಂದು ಒಂದು ಮನೆಗೆ ಫಲಕ ತೂಗಿದರೆ ಅದೂ ಮತ್ತೊಂದು ಪಾಯಿಂಟ್ ಆದೀತು. ಆದರೆ ಬೈಲು, ಮಜಲು, ಅಡ್ಕ ಎಂದರೇನೆಂದು ತಿಳಿಯದವನು, ಘಟ್ಟದ ಜ್ವರ ಏಕೆ ಬರುತ್ತಿತ್ತೆಂದು ಕೇಳದವನು, 1834ರ ಗಡಿರೇಖೆ ಯಾವ ಹೊಳೆಯ ಮೇಲೆ ಹಾದುಹೋಯಿತೆಂದು ನೋಡದವನು ಕೃತಿಯ ಪದಗಳನ್ನೇ ಪೂರ್ತಿಯಾಗಿ ಓದಲಾರ. ನೆಲವನ್ನು ತಿಳಿಯುವುದು ಕೃತಿಯ ಹೊರಗಿನ ಕೆಲಸವಲ್ಲ. ಈ ಕೃತಿಗಳ ಅರ್ಥಕೋಶವೇ ಆ ನೆಲದಲ್ಲಿದೆ.

ಹಾಗಾದರೆ ಮಾಡಬೇಕಾದದ್ದು ಏನು? ಕೆಲಸ ದೊಡ್ಡದಲ್ಲ, ದುಬಾರಿಯೂ ಅಲ್ಲ. ಈ ಮೂರು ತಾಲ್ಲೂಕುಗಳ ಪ್ರತಿಯೊಂದು ಕಾಲೇಜಿನ ಕನ್ನಡ ವಿಭಾಗ ತನ್ನ ಸುತ್ತಲಿನ ಹತ್ತು ಹಳ್ಳಿಗಳ ಸ್ಥಳನಾಮ, ಗದ್ದೆಯ ಹೆಸರು, ಬೀಡು, ಗರಡಿ, ದೈವಸ್ಥಾನ, ಬಸದಿಯ ಕುರುಹುಗಳನ್ನು ದಾಖಲಿಸಲು ತೊಡಗಬಹುದು. ಪಾಡ್ದನ ಹಾಡುವ ಹಿರಿಯರು, ನೇಜಿ ನೆಡುವಾಗ ಹಾಡಿದ ಅಜ್ಜಿಯರು ಇನ್ನೂ ಇರುವಾಗಲೇ ಅದು ಆಗಬೇಕು. ಪಡುಮಲೆ, ಪಂಜ, ಎಣ್ಮೂರುಗಳನ್ನು ಒಂದು ಪಠ್ಯದ ಮೂರು ಅಧ್ಯಾಯಗಳಂತೆ ಓದಬಹುದು. ಸುಳ್ಯದಿಂದ ಬೆಳ್ಳಾರೆಯ ಮೂಲಕ ಮಂಗಳೂರಿಗೆ ಹೋದ 1837ರ ದಾರಿಯನ್ನು ನಕ್ಷೆಯ ಮೇಲೆ ಗುರುತಿಸಬಹುದು. ಬಾಲವನದಿಂದ ಕುಲ್ಕುಂದದವರೆಗೆ ಎರಡು ಕನ್ನಡ ಬರೆಹಗಾರರ ಲೋಕಗಳು ಒಂದೇ ದಿನದ ಪ್ರಯಾಣದಲ್ಲಿವೆ. ಒಬ್ಬರು ತಪ್ಪಲಿನ ಒಂಟಿ ಮನೆಯನ್ನು ಕಂಡರು, ಇನ್ನೊಬ್ಬರು ಅದೇ ಮಲೆಯಿಂದ ಎದ್ದ ಗುಂಪನ್ನು ಕಂಡರು. ಈ ಎರಡು ದೃಷ್ಟಿಗಳನ್ನು ಎದುರುಬದುರು ಇಟ್ಟು ಬರೆಯುವ ಒಂದು ಒಳ್ಳೆಯ ಪ್ರಬಂಧ ನೂರು ‘ನಿಸರ್ಗ ಸೌಂದರ್ಯ’ಗಳಿಗಿಂತ ಮೇಲು.

ಶಿಮ್ಲಾದ ಮಾಲ್ ರಸ್ತೆಯಲ್ಲಿ ಒಂದು ಕಾಲಕ್ಕೆ ಯಾರು ನಡೆಯಬಹುದು, ಯಾರು ನಡೆಯಬಾರದು ಎಂಬುದನ್ನು ಆಳುವವರು ನಿರ್ಧರಿಸುತ್ತಿದ್ದರು. ಇಂದು ಯಾರು ಬೇಕಾದರೂ ನಡೆಯಬಹುದು. ಆದರೆ ಯಾವುದನ್ನು ನೋಡಬೇಕು, ಯಾವುದನ್ನು ಹಾದುಹೋಗಬೇಕು ಎಂಬುದನ್ನು ಈಗಲೂ ಬೇರೆಯವರೇ ನಿರ್ಧರಿಸುತ್ತಿದ್ದಾರೆ. ಪುತ್ತೂರು, ಸುಳ್ಯ, ಕಡಬದ ಮಲೆಯನ್ನು ಓದಬೇಕಾದವರು ಆ ನಿರ್ಧಾರವನ್ನು ಒಪ್ಪಿಕೊಂಡು ಬಸ್ಸಿನ ಕಿಟಕಿಯಿಂದ ಹಸಿರನ್ನು ನೋಡುತ್ತ ಕುಳಿತರೆ, ಕುಲ್ಕುಂದ ತಿರುವಾಗಿಯೇ ಉಳಿಯುತ್ತದೆ, ಬೆಳ್ಳಾರೆ ಪೇಟೆಯಾಗಿಯೇ ಉಳಿಯುತ್ತದೆ, ಎಣ್ಮೂರು ಯಾರದೋ ಹರಕೆಯ ಊರಾಗಿಯೇ ಉಳಿಯುತ್ತದೆ. ಬಸ್ಸು ನಿಲ್ಲಿಸಿ ಇಳಿಯುವುದು ವಿದ್ಯಾರ್ಥಿಯ ಕೈಯಲ್ಲಿದೆ.